ಅಂಡಾಣು ಸಂಗ್ರಹದ ಅಂಕಿ, ದೇಹತೂಕದ ಲೆಕ್ಕ: ಗಡಿನಾಡಿನ ಮಹಿಳೆಗೆ ಅರ್ಥ ಹೇಳುವವರು ಯಾರು?

ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂದರೆ ಜನಬಳಕೆಯಲ್ಲಿ ಪಿಸಿಒಎಸ್ ಅಥವಾ ಪಿಸಿಒಡಿ, ಇಂದು ಗಡಿನಾಡಿನ ಕನ್ನಡ ಮನೆಗಳಲ್ಲೂ ಪರಿಚಿತ ಪದ. ಸಂತಾನೋತ್ಪತ್ತಿ ವಯೋಮಾನದ ಮಹಿಳೆಯರಲ್ಲಿ ಸುಮಾರು ಹತ್ತು ಮಂದಿಗೆ ಒಬ್ಬರನ್ನು ಈ ಸಮಸ್ಯೆ ಬಾಧಿಸುತ್ತದೆ. ಬಾಧಿತರಲ್ಲಿ ಶೇ. 70ರಷ್ಟು ಮಂದಿಗೆ ತಮಗೆ ಅದು ಇದೆಯೆಂಬುದೇ ತಿಳಿದಿರುವುದಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ತಿಳಿದವರ ಕೈಗಾದರೂ ಸಿಗುವುದೇನು? ಇಂಗ್ಲಿಷಿನಲ್ಲಿ ಅಚ್ಚಾದ ಪ್ರಯೋಗಾಲಯದ ವರದಿ, ಅದರಲ್ಲಿ ಎಎಂಎಚ್ ಎಂಬ ಮೂರಕ್ಷರದ ಮುಂದೆ ಒಂದು ಅಂಕಿ, ಜತೆಗೆ ಆಯಾ ರಾಜ್ಯದ ಭಾಷೆಯಲ್ಲಿ ಅವಸರದ ಎರಡು ಮಾತು: 'ಅಂಡಾಣು ಕಡಿಮೆ ಇದೆ', 'ಮೊದಲು ತೂಕ ಇಳಿಸಿ'.

ಈ ಎರಡು ಮಾತುಗಳ ನಡುವಿನ ಸಂಬಂಧವನ್ನು ಬಿಡಿಸಿ ಹೇಳದಿರುವುದರಿಂದ ಆಗುವ ಹಾನಿ ಸಣ್ಣದಲ್ಲ. ಅಂಕಿಯೊಂದನ್ನು ತಪ್ಪಾಗಿ ಓದಿದ ಕುಟುಂಬ ಮದುವೆಯನ್ನು ಅವಸರಿಸಬಹುದು, ಸಾಲ ಮಾಡಿ ಪ್ರನಾಳ ಶಿಶು ಚಿಕಿತ್ಸೆಗೆ ಧಾವಿಸಬಹುದು, ಅಥವಾ ಸೊಸೆಯ ಮೇಲೆ 'ಬಂಜೆ' ಎಂಬ ಹಣೆಪಟ್ಟಿ ಹಚ್ಚಬಹುದು. ಆದ್ದರಿಂದ ಈ ಅಂಕಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಕನ್ನಡದಲ್ಲಿ ಪರಿಶೀಲಿಸುವುದು ಅಗತ್ಯವಾಗಿದೆ.

ಅಂಕಿ ಅಳೆಯುವುದೇನನ್ನು?

ಹೆಣ್ಣುಮಗು ಹುಟ್ಟುವಾಗ ಅದರ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ವೇಳೆಗೆ 3ರಿಂದ 4 ಲಕ್ಷ ಉಳಿಯುತ್ತವೆ. ಜೀವಮಾನವಿಡೀ ಪಕ್ವವಾಗಿ ಬಿಡುಗಡೆಯಾಗುವುದು 400ರಿಂದ 500 ಮಾತ್ರ. ಉಳಿದಿರುವ ಈ ದಾಸ್ತಾನನ್ನೇ ವೈದ್ಯರು 'ಅಂಡಾಣು ಸಂಗ್ರಹ' ಎನ್ನುತ್ತಾರೆ. ಅದನ್ನು ನೇರವಾಗಿ ಎಣಿಸುವ ಉಪಾಯ ಯಾವುದೂ ಇಲ್ಲ. ಅಂಡಾಣುವನ್ನು ಒಳಗಿಟ್ಟುಕೊಂಡು ಬೆಳೆಯುತ್ತಿರುವ ಸಣ್ಣ ಕೋಶಿಕೆಗಳು ಆ್ಯಂಟಿ ಮುಲೇರಿಯನ್ ಹಾರ್ಮೋನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎಎಂಎಚ್ ಪರೀಕ್ಷೆ ಅಳೆಯುವುದು ಅದನ್ನು. ಅಂದರೆ ಇದು ಕಣಜದ ಅಳತೆಯಲ್ಲ. ಕಣಜದಿಂದ ಹೊರಬಂದು ಬೆಳೆಯುತ್ತಿರುವ ಸಸಿಗಳನ್ನು ನೋಡಿ ಕಣಜದಲ್ಲಿ ಎಷ್ಟು ಬೀಜವಿರಬಹುದೆಂದು ಮಾಡುವ ಊಹೆ.

ಪಿಸಿಒಎಸ್ ಇರುವವರಲ್ಲಿ ಈ ಊಹೆಯೇ ಬೇರೆ ದಾರಿ ಹಿಡಿಯುತ್ತದೆ. ಅವರ ಅಂಡಾಶಯದಲ್ಲಿ ಸಣ್ಣ ಕೋಶಿಕೆಗಳು ಹೆಚ್ಚಿನ ಸಂಖ್ಯೆಯಲ್ಲಿ ಅರ್ಧದಲ್ಲೇ ಬೆಳವಣಿಗೆ ನಿಲ್ಲಿಸಿ ಉಳಿಯುತ್ತವೆ. ಸ್ಕ್ಯಾನಿಂಗಿನಲ್ಲಿ 'ಸಿಸ್ಟ್' ಎಂದು ಕಾಣುವ ಗುಳ್ಳೆಗಳು ಇವೇ, ಇವು ಗಡ್ಡೆಗಳಲ್ಲ. ಈ ಕೋಶಿಕೆಗಳೆಲ್ಲ ಎಎಂಎಚ್ ಸ್ರವಿಸುವುದರಿಂದ ಅವರಲ್ಲಿ ಅದರ ಮಟ್ಟ ಸಾಮಾನ್ಯಕ್ಕಿಂತ ಎರಡು ಮೂರು ಪಟ್ಟು ಇರುವುದುಂಟು. ಸಂಗ್ರಹ ಸಮೃದ್ಧವಾಗಿದ್ದರೂ ಪ್ರತಿ ತಿಂಗಳು ಅಂಡಾಣು ಬಿಡುಗಡೆಯಾಗುವುದಿಲ್ಲ. ಗರ್ಭಧಾರಣೆ ತಡವಾಗಲು ಕಾರಣ ಈ ಬಿಡುಗಡೆಯ ಅಡಚಣೆ, ಅಂಡಾಣುಗಳ ಕೊರತೆಯಲ್ಲ. ಹಾಗಾಗಿ ಅಧಿಕ ಎಎಂಎಚ್ ಕಂಡು ನಿಶ್ಚಿಂತರಾಗುವುದೂ ಸರಿಯಲ್ಲ.

ತೂಕ ಅಂಕಿಯನ್ನು ಹೇಗೆ ಬದಲಿಸುತ್ತದೆ?

ಇಲ್ಲಿ ದೇಹತೂಕದ ಪ್ರಶ್ನೆ ಬರುತ್ತದೆ. ಪಿಸಿಒಎಸ್ ಎಎಂಎಚ್ ಮಟ್ಟವನ್ನು ಮೇಲಕ್ಕೆ ಎಳೆದರೆ, ಅಧಿಕ ತೂಕ ಅದನ್ನು ಕೆಳಕ್ಕೆ ಎಳೆಯುತ್ತದೆ. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪಿಸಿಒಎಸ್ ಇರುವವರಲ್ಲೂ ಇಲ್ಲದವರಲ್ಲೂ ದೇಹತೂಕ ಸೂಚ್ಯಂಕ ಏರಿದಂತೆ ಎಎಂಎಚ್ ತುಸು ಇಳಿಯುವುದು ಕಂಡುಬಂದಿದೆ. ರಕ್ತದ ಒಟ್ಟು ಪ್ರಮಾಣ ಹೆಚ್ಚಿ ಹಾರ್ಮೋನು ತೆಳುವಾಗುವುದು, ಕೊಬ್ಬಿನ ಅಂಗಾಂಶ ಬಿಡುವ ಲೆಪ್ಟಿನ್ ಮತ್ತು ಏರಿದ ಇನ್ಸುಲಿನ್ ಕೋಶಿಕೆಯ ಜೀವಕೋಶಗಳ ಮೇಲೆ ಬೀರುವ ಪ್ರಭಾವ, ಹೀಗೆ ಹಲವು ಕಾರಣಗಳನ್ನು ಸಂಶೋಧಕರು ಮುಂದಿಟ್ಟಿದ್ದಾರೆ. ಅಂಡಾಣುಗಳೇ ಬರಿದಾಗಿವೆ ಎಂಬ ತೀರ್ಮಾನಕ್ಕೆ ಈ ಇಳಿಕೆ ಆಧಾರವಾಗದು.

ಪರಿಣಾಮವಾಗಿ, ಪಿಸಿಒಎಸ್ ಇದ್ದು ತೂಕವೂ ಹೆಚ್ಚಿರುವ ಮಹಿಳೆಯ ಅಂಕಿ ನೋಡಲು 'ಸಾಮಾನ್ಯ'ವಾಗಿಯೇ ಇರಬಹುದು. ಅದನ್ನು ನೋಡಿ ರೋಗವೇ ಇಲ್ಲವೆನ್ನುವುದು ಒಂದು ತಪ್ಪು. ಅವಳ ಅಂಕಿ ಹಿಂದಿನ ವರದಿಗಿಂತ ಇಳಿದಾಗ 'ಸಮಯ ಮೀರುತ್ತಿದೆ' ಎಂದು ಹೆದರಿಸುವುದು ಇನ್ನೊಂದು ತಪ್ಪು. ಋತುಚಕ್ರ ಕ್ರಮಪಡಿಸಲು ವೈದ್ಯರು ಕೊಡುವ ಹಾರ್ಮೋನು ಮಾತ್ರೆಗಳೂ ಈ ಅಂಕಿಯನ್ನು ತಾತ್ಕಾಲಿಕವಾಗಿ ಇಳಿಸುತ್ತವೆ. ವಯಸ್ಸು ಮತ್ತು ಹಿಂದಿನ ಅಂಡಾಶಯದ ಶಸ್ತ್ರಚಿಕಿತ್ಸೆಯೂ ಗಣನೆಗೆ ಬರುತ್ತವೆ. 2023ರಲ್ಲಿ ಪ್ರಕಟವಾದ ಪಿಸಿಒಎಸ್ ಅಂತಾರಾಷ್ಟ್ರೀಯ ಮಾರ್ಗಸೂಚಿ ವಯಸ್ಕರ ರೋಗನಿರ್ಣಯದಲ್ಲಿ ಸ್ಕ್ಯಾನಿಂಗಿಗೆ ಬದಲಾಗಿ ಎಎಂಎಚ್ ಬಳಸಬಹುದೆಂದು ಒಪ್ಪಿದೆ. ಆದರೆ ಅದೊಂದರಿಂದಲೇ ರೋಗ ನಿರ್ಧರಿಸಬಾರದೆಂದೂ, ಹದಿಹರೆಯದವರಲ್ಲಿ ಅದನ್ನು ಬಳಸಲೇಬಾರದೆಂದೂ ಹೇಳಿದೆ. ಮುಟ್ಟು ಏರುಪೇರಾದ ಶಾಲಾ ಬಾಲಕಿಗೆ ಈ ಪರೀಕ್ಷೆ ಮಾಡಿಸಿ ಮನೆಮಂದಿಯೆಲ್ಲ ಕಂಗಾಲಾಗುವ ಅಗತ್ಯವಿಲ್ಲ.

ಕಡಿಮೆ ಎಎಂಎಚ್ ಎಂದರೆ ಸಹಜ ಗರ್ಭಧಾರಣೆ ಅಸಾಧ್ಯವೆಂಬ ನಂಬಿಕೆಯೂ ಪರೀಕ್ಷೆಗೆ ಒಳಗಾಗಿದೆ. ಅಮೆರಿಕದಲ್ಲಿ 30ರಿಂದ 44 ವರ್ಷದ, ಬಂಜೆತನದ ಹಿನ್ನೆಲೆಯಿಲ್ಲದ 750 ಮಹಿಳೆಯರನ್ನು ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಅಂಕಿ ಕಡಿಮೆಯಿದ್ದವರು ಗರ್ಭ ಧರಿಸುವಲ್ಲಿ ಇತರರಿಗಿಂತ ಹಿಂದೆ ಬೀಳಲಿಲ್ಲ. ಅದು ಪಿಸಿಒಎಸ್ ಕುರಿತ ಅಧ್ಯಯನವಲ್ಲದಿದ್ದರೂ, ಅಂಕಿಯನ್ನು ಭವಿಷ್ಯವಾಣಿಯಂತೆ ಓದಬಾರದೆಂಬ ಪಾಠ ಎಲ್ಲರಿಗೂ ಸಲ್ಲುತ್ತದೆ. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಔಷಧದ ಪ್ರಮಾಣ ಗೊತ್ತುಪಡಿಸಲು ಎಎಂಎಚ್ ನಿಜಕ್ಕೂ ಉಪಯುಕ್ತ. ಪಿಸಿಒಎಸ್ ಇರುವವರ ಅಂಡಾಶಯ ಚುಚ್ಚುಮದ್ದಿಗೆ ಅತಿಯಾಗಿ ಸ್ಪಂದಿಸಿ ಅಪಾಯ ತರುವ ಸಂಭವವಿರುವುದರಿಂದ ಅಲ್ಲಿ ಅದರ ಬೆಲೆ ಇನ್ನೂ ಹೆಚ್ಚು.

ಹಾಗಾದರೆ ತೂಕ ಏಕೆ ಮುಖ್ಯ?

ತೂಕ ಇಳಿಸಿದರೆ ಅಂಡಾಣುಗಳು ಹೆಚ್ಚುವುದಿಲ್ಲ. ಎಎಂಎಚ್ ಅಂಕಿ ಏರಿಯೇ ತೀರುತ್ತದೆಂಬ ಭರವಸೆಯೂ ಇಲ್ಲ. ಲಾಭವಾಗುವುದು ಬೇರೆಡೆ. ಪಿಸಿಒಎಸ್‌ನಲ್ಲಿ ಶರೀರ ಇನ್ಸುಲಿನ್‌ಗೆ ಸರಿಯಾಗಿ ಓಗೊಡುವುದಿಲ್ಲ. ಆಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ, ಏರಿದ ಇನ್ಸುಲಿನ್ ಅಂಡಾಶಯದಿಂದ ಪುರುಷ ಹಾರ್ಮೋನುಗಳನ್ನು ಹೆಚ್ಚು ಹೊರಡಿಸುತ್ತದೆ, ಅವು ಅಂಡಾಣುವಿನ ಬಿಡುಗಡೆಯನ್ನು ತಡೆಯುತ್ತವೆ. ಅಧಿಕ ತೂಕ ಈ ಸರಪಳಿಯನ್ನು ಬಿಗಿಗೊಳಿಸುತ್ತದೆ. ತೂಕದಲ್ಲಿ ಶೇ. 5ರಿಂದ 10ರಷ್ಟು ಇಳಿಕೆ, ಅಂದರೆ 70 ಕಿಲೋ ಇರುವವರಲ್ಲಿ ಮೂರೂವರೆಯಿಂದ ಏಳು ಕಿಲೋ ಇಳಿದರೂ ಹಲವರ ಮುಟ್ಟು ಕ್ರಮಕ್ಕೆ ಬರುತ್ತದೆ. ಸಪೂರ ಮೈಯವರಿಗೂ ಪಿಸಿಒಎಸ್ ಬರುತ್ತದೆ ಎಂಬುದನ್ನೂ ಮರೆಯಬಾರದು. 'ತಿಂದು ತಂದುಕೊಂಡ ಕಾಯಿಲೆ' ಎಂಬ ನಿಂದನೆಗೆ ವೈದ್ಯಶಾಸ್ತ್ರದ ಬೆಂಬಲವಿಲ್ಲ.

ನಾವಿರುವ ರಾಜ್ಯಗಳ ಚಿತ್ರವನ್ನು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೊಟ್ಟಿದೆ. 15ರಿಂದ 49 ವರ್ಷದ ಮಹಿಳೆಯರಲ್ಲಿ ಅಧಿಕ ತೂಕದವರು ದೇಶದಲ್ಲಿ ಶೇ. 24, ಕರ್ನಾಟಕದಲ್ಲಿ ಶೇ. 30.1. ಕೇರಳದಲ್ಲಿ ಅದು ಶೇ. 38.1, ತಮಿಳುನಾಡಿನಲ್ಲಿ ಶೇ. 40.4. ಈ ಸಮೀಕ್ಷೆ ಗಣಿಸಿದ್ದು ಸೂಚ್ಯಂಕ 25 ಮತ್ತು ಮೇಲ್ಪಟ್ಟವರನ್ನು. ಭಾರತೀಯರಿಗೆ 23ರಿಂದಲೇ ಎಚ್ಚರ ಬೇಕೆಂಬುದು ತಜ್ಞರ ನಿಲುವು. 155 ಸೆಂಟಿಮೀಟರ್ ಎತ್ತರದವರಿಗೆ ಆ ಎಚ್ಚರಿಕೆಯ ಗೆರೆ ಸುಮಾರು 55 ಕಿಲೋ. ಕಾಸರಗೋಡು, ನೀಲಗಿರಿ, ತಾಳವಾಡಿ, ಹೊಸೂರುಗಳ ಕನ್ನಡ ಮಹಿಳೆಯರು ಈ ಚಿತ್ರದ ಹೊರಗಿಲ್ಲ.

ಚಿಕಿತ್ಸೆಯ ಮೆಟ್ಟಿಲುಗಳು

ಪ್ರನಾಳ ಶಿಶು ಚಿಕಿತ್ಸೆ ಪಿಸಿಒಎಸ್‌ಗೆ ಮೊದಲ ಮೆಟ್ಟಿಲಲ್ಲ. ಆಹಾರ, ವ್ಯಾಯಾಮಗಳ ಜತೆಗೆ ಅಂಡಾಣು ಬಿಡುಗಡೆಗೆ ನೆರವಾಗುವ ಲೆಟ್ರೊಜೋಲ್ ಮಾತ್ರೆ ಮೊದಲ ಆಯ್ಕೆ ಎಂದು ಮಾರ್ಗಸೂಚಿ ಹೇಳುತ್ತದೆ. 2014ರಲ್ಲಿ 750 ಪಿಸಿಒಎಸ್ ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ಲೆಟ್ರೊಜೋಲ್ ಪಡೆದವರಲ್ಲಿ ಶೇ. 27.5 ಮಂದಿ ಜೀವಂತ ಶಿಶುವಿಗೆ ಜನ್ಮ ನೀಡಿದರು; ಹಳೆಯ ಕ್ಲೊಮಿಫೀನ್ ಪಡೆದವರಲ್ಲಿ ಈ ಪ್ರಮಾಣ ಶೇ. 19.1. ಬಂಜೆತನದ ಚಿಕಿತ್ಸೆಗೆ ಇದೇ ಮಾತ್ರೆಯನ್ನು ಭಾರತ ಸರಕಾರ 2011ರಲ್ಲಿ ನಿಷೇಧಿಸಿ, 2017ರಲ್ಲಿ ನಿಷೇಧ ಹಿಂತೆಗೆದುಕೊಂಡಿತು. ಹಳೆಯ ಸುದ್ದಿಯನ್ನು ನೆನಪಿಟ್ಟುಕೊಂಡು ಇಂದಿಗೂ ಹೆದರುವವರಿಗೆ ಈ ವಿಷಯ ತಿಳಿದಿರಲಿ.

2025ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳ ಬಗೆಗೂ ಎಚ್ಚರ ಬೇಕು. ಇವುಗಳನ್ನು ಪಡೆಯುವಾಗ ಗರ್ಭ ಧರಿಸಬಾರದು. ಸೆಮಗ್ಲೂಟೈಡನ್ನು ಗರ್ಭಧಾರಣೆಯ ಯೋಜನೆಗೆ ಕನಿಷ್ಠ ಎರಡು ತಿಂಗಳ ಮುಂಚೆ ನಿಲ್ಲಿಸಬೇಕು. ತೂಕ ಇಳಿದಂತೆ ಅಂಡಾಣು ಬಿಡುಗಡೆ ಮರಳಿ ಅನಿರೀಕ್ಷಿತವಾಗಿ ಗರ್ಭ ನಿಲ್ಲುವ ಸಾಧ್ಯತೆಯೂ ಇದೆ. ಈ ಮಾತು ಅರ್ಥವಾಗುವ ಭಾಷೆಯಲ್ಲಿ ತಲುಪದಿದ್ದರೆ ತಾಯಿ ಮಗು ಇಬ್ಬರಿಗೂ ಅಪಾಯ.

ಗಡಿಯೆಂಬ ಇನ್ನೊಂದು ತೊಡಕು

ಸಪ್ತಭಾಷಾ ಸಂಗಮ ಭೂಮಿಯೆನಿಸಿದ ಕಾಸರಗೋಡಿನವರಿಗೆ ದೊಡ್ಡ ಚಿಕಿತ್ಸೆಯೆಂದರೆ ಮಂಗಳೂರು. 2020ರ ಮಾರ್ಚ್‌ನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಈ ಅವಲಂಬನೆ ಎಷ್ಟು ಆಳವೆಂಬುದು ಎಲ್ಲರ ಅನುಭವಕ್ಕೆ ಬಂತು. ಪಿಸಿಒಎಸ್ ವರ್ಷಗಟ್ಟಲೆ ಜತೆಗಿರುವ ಸಮಸ್ಯೆ. ಒಂದು ರಾಜ್ಯದಲ್ಲಿ ರಕ್ತಪರೀಕ್ಷೆ, ಇನ್ನೊಂದರಲ್ಲಿ ವೈದ್ಯರ ಭೇಟಿ ಎಂದಾದಾಗ ಎರಡು ಪ್ರಯೋಗಾಲಯಗಳ ಎಎಂಎಚ್ ಅಂಕಿಗಳು ಒಟ್ಟಿಗೆ ಮೇಜಿನ ಮೇಲೆ ಬರುತ್ತವೆ. ಪರೀಕ್ಷಾ ವಿಧಾನ ಬೇರೆಯಾದರೆ ಅಂಕಿ ಬದಲಾಗುತ್ತದೆ. ಏಕಮಾನವೇ ಬೇರೆಯಾದರೆ ವ್ಯತ್ಯಾಸ ಏಳು ಪಟ್ಟು: ಮಿಲಿಲೀಟರಿಗೆ 1 ನ್ಯಾನೋಗ್ರಾಂ ಎಂದರೆ ಲೀಟರಿಗೆ ಸುಮಾರು 7 ಪಿಕೋಮೋಲ್. ಇದನ್ನು ಅರಿಯದೆ ಏರಿಳಿತ ಲೆಕ್ಕ ಹಾಕಿದರೆ ಸಿಗುವುದು ಸುಳ್ಳು ಭಯ ಅಥವಾ ಸುಳ್ಳು ನೆಮ್ಮದಿ.

ಭಾಷೆಯ ಪ್ರಶ್ನೆ ಇದಕ್ಕಿಂತ ಗಂಭೀರ. ಮುಟ್ಟು, ದಾಂಪತ್ಯ, ಗರ್ಭ ಇವು ಮನೆಯ ಹಿರಿಯರ ಮುಂದೆ ಕೂಡ ಆಡಲು ಸಂಕೋಚಪಡುವ ಮಾತುಗಳು. ಅಕ್ಕಲಕೋಟೆಯ ಅಥವಾ ರಾಯದುರ್ಗದ ಕನ್ನಡದ ಹೆಣ್ಣುಮಗಳು ಅವನ್ನು ಪರಭಾಷೆಯಲ್ಲಿ, ಹಲವೊಮ್ಮೆ ಗಂಡನನ್ನೋ ಅತ್ತೆಯನ್ನೋ ದುಭಾಷಿಯನ್ನಾಗಿ ಮಾಡಿಕೊಂಡು ಹೇಳಬೇಕಾಗಿ ಬಂದರೆ ಅರ್ಧ ಸತ್ಯ ಮಾತ್ರ ವೈದ್ಯರನ್ನು ತಲುಪುತ್ತದೆ. ಶಸ್ತ್ರಚಿಕಿತ್ಸೆಗೆ ರೋಗಿಯ ಒಪ್ಪಿಗೆ ಸಾಕಷ್ಟು ಮಾಹಿತಿ ಪಡೆದು ನೀಡಿದ ನೈಜ ಒಪ್ಪಿಗೆಯಾಗಿರಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಸ್ತ್ರೀರೋಗ ಚಿಕಿತ್ಸೆಯ ಪ್ರಕರಣವೊಂದರಲ್ಲೇ ಹೇಳಿದೆ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಯಶಸ್ಸಿನ ಸಾಧ್ಯತೆ, ವೆಚ್ಚ, ಅಡ್ಡಪರಿಣಾಮಗಳನ್ನು ತಿಳಿಸುವುದನ್ನು ಚಿಕಿತ್ಸಾಲಯಗಳಿಗೆ ಕಡ್ಡಾಯ ಮಾಡಿದೆ. ಅರ್ಥವಾಗದ ಭಾಷೆಯಲ್ಲಿ ತಿಳಿಸಿದ್ದು ತಿಳಿಸಿದಂತಾದೀತೇ?

ಆಗಬೇಕಾದುದೇನು?

ಸರಕಾರಗಳು ಮಾಡಬಹುದಾದ ಕೆಲಸ ದುಬಾರಿಯದೇನೂ ಅಲ್ಲ. ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಕನ್ನಡಿಗರ ಹಕ್ಕನ್ನು ಕೇರಳದ 1969ರ ರಾಜಭಾಷಾ ಕಾಯ್ದೆ ಮಾನ್ಯ ಮಾಡಿದೆ. ಅದರ ಆಶಯ ಆಸ್ಪತ್ರೆಯ ಬಾಗಿಲಿನಲ್ಲಿ ನಿಂತುಬಿಡಬಾರದು. ಗಡಿಯ ತಾಲೂಕು ಆಸ್ಪತ್ರೆಗಳಲ್ಲಿ ಕನ್ನಡದ ಒಪ್ಪಿಗೆ ಪತ್ರ, ಪಿಸಿಒಎಸ್ ಕುರಿತ ಒಂದು ಪುಟದ ಕನ್ನಡ ವಿವರಣೆ, ಕನ್ನಡ ಬಲ್ಲ ಆಶಾ ಕಾರ್ಯಕರ್ತೆ ಇಷ್ಟಾದರೂ ಸಾಧ್ಯ. ಜತೆಗೆ ಒಂದು ನೀತಿಯ ಕೊರತೆಯನ್ನೂ ತುಂಬಬೇಕು. ಮಧುಮೇಹ, ರಕ್ತದೊತ್ತಡದ ಸಾರ್ವತ್ರಿಕ ತಪಾಸಣೆ ನಮ್ಮಲ್ಲಿ 30 ವರ್ಷದ ಮೇಲೆ ಆರಂಭವಾಗುತ್ತದೆ. ಪಿಸಿಒಎಸ್ ಪತ್ತೆಯಾದ ಕೂಡಲೇ, ಬಳಿಕ ಒಂದರಿಂದ ಮೂರು ವರ್ಷಕ್ಕೊಮ್ಮೆ ಸಕ್ಕರೆ ಮಟ್ಟ ನೋಡಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಇಪ್ಪತ್ತರ ಹರೆಯದ ಈ ಮಹಿಳೆಯರನ್ನು ತಪಾಸಣೆಯ ವ್ಯಾಪ್ತಿಗೆ ತರಲು ಹೊಸ ಯೋಜನೆ ಬೇಡ, ಒಂದು ಸುತ್ತೋಲೆ ಸಾಕು.

ಮಹಿಳೆಯರೂ ಕೇಳಬೇಕಾದ ಪ್ರಶ್ನೆಗಳಿವೆ. ನನಗೆ ಅಂಡಾಣು ಬಿಡುಗಡೆಯಾಗುತ್ತಿದೆಯೇ? ಈ ಅಂಕಿಯನ್ನು ಓದುವಾಗ ನನ್ನ ವಯಸ್ಸು, ತೂಕ, ಸೇವಿಸುತ್ತಿರುವ ಮಾತ್ರೆಗಳನ್ನು ಗಣಿಸಿದ್ದೀರಾ? ಸಕ್ಕರೆ ಪರೀಕ್ಷೆ ಆಗಿದೆಯೇ? ಪ್ರನಾಳ ಶಿಶು ಚಿಕಿತ್ಸೆಗೆ ಮುನ್ನ ಮಾತ್ರೆಯ ಪ್ರಯತ್ನ ಸಾಧ್ಯವೇ? ಗರ್ಭಿಣಿಯಲ್ಲದೆ 90 ದಿನಕ್ಕೂ ಹೆಚ್ಚು ಕಾಲ ಮುಟ್ಟು ನಿಂತರೆ, ಮಗು ಬೇಕಿರಲಿ ಬೇಡದಿರಲಿ, ವೈದ್ಯರನ್ನು ಕಾಣಲೇಬೇಕು. ದೀರ್ಘಕಾಲ ಮುಟ್ಟಾಗದೆ ಗರ್ಭಕೋಶದ ಒಳಪದರ ದಪ್ಪಗಟ್ಟಿದರೆ ಮುಂದೆ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ವರದಿಗಳನ್ನೆಲ್ಲ ದಿನಾಂಕ, ಪ್ರಯೋಗಾಲಯದ ಹೆಸರಿನೊಂದಿಗೆ ಒಂದೇ ಕಡತದಲ್ಲಿಟ್ಟುಕೊಂಡರೆ ಗಡಿ ದಾಟುವಾಗ ಅದೇ ಆಸರೆ.

ಕನ್ನಡ ಶಾಲೆ, ಕನ್ನಡ ನಾಮಫಲಕ, ಕನ್ನಡ ಬಲ್ಲ ಅಧಿಕಾರಿಗಾಗಿ ಗಡಿನಾಡು ದಶಕಗಳಿಂದ ದನಿ ಎತ್ತುತ್ತ ಬಂದಿದೆ. ವೈದ್ಯರ ಕೋಣೆಯಲ್ಲಿ ತನ್ನ ಶರೀರದ ಕುರಿತ ಮಾತು ತನಗೆ ಅರ್ಥವಾಗಬೇಕೆಂಬುದು ಆ ಬೇಡಿಕೆಯ ಪಟ್ಟಿಗೆ ಸೇರಲೇಬೇಕಾದದ್ದು. ವರದಿಯ ಅಂಕಿ ಇಂಗ್ಲಿಷಿನಲ್ಲಿದ್ದರೂ ಸರಿ. ಅದರ ಅರ್ಥ ಕನ್ನಡದಲ್ಲಿ ಸಿಗುವ ಮೊದಲು ಯಾವ ಮಹಿಳೆಯೂ ತನ್ನ ಬದುಕಿನ ತೀರ್ಮಾನಕ್ಕೆ ಸಹಿ ಹಾಕುವಂತಾಗಬಾರದು.