ಎರಡನೆಯ ಕಂಟ್ರೋಲರ್

ಕಳೆದ ದಸರಾ ರಜೆಯಲ್ಲಿ ತಮ್ಮನ ಮನೆಗೆ ಹೋಗಿದ್ದೆ. ಅವನ ಮಕ್ಕಳಿಬ್ಬರೂ ಟಿವಿಯ ಮುಂದೆ ಕೂತು ಕಾರ್ ರೇಸಿನ ವಿಡಿಯೋ ಗೇಮ್ ಆಡುತ್ತಿದ್ದರು. ಹುಡುಗಿಯ ಕಾರು ಮತ್ತೆ ಮತ್ತೆ ಎಡಕ್ಕೆ ವಾಲಿ ಗೋಡೆಗೆ ಬಡಿಯುತ್ತಿತ್ತು. "ಇವಳಿಗೆ ಆಡೋಕೇ ಬರಲ್ಲ ಅತ್ತೆ" ಎಂದು ಹುಡುಗ ನಕ್ಕ. "ಹುಡುಗೀರಿಗೆ ಅದೆಲ್ಲ ಎಲ್ಲಿ ಬರುತ್ತೆ ಬಿಡೋ" ಎಂದು ಅಡುಗೆಮನೆಯಿಂದ ಅವರಮ್ಮನೂ ದನಿಗೂಡಿಸಿದಳು. ನಾನು ಹುಡುಗಿಯ ಕೈಯಿಂದ ಕಂಟ್ರೋಲರ್ ಇಸಿದುಕೊಂಡು ನೋಡಿದೆ. ಅಣ್ಣ ಎರಡು ವರ್ಷ ಆಡಿ ಸವೆಸಿ ಬಿಟ್ಟಿದ್ದು ಅದು. ಸ್ಟಿಕ್ ಮುಟ್ಟದಿದ್ದರೂ ಕಾರು ಎಡಕ್ಕೇ ಎಳೆಯುತ್ತಿತ್ತು.

ಇದಕ್ಕೆ ಡ್ರಿಫ್ಟ್ ಎನ್ನುತ್ತಾರೆ. ಅನೇಕ ಕಂಟ್ರೋಲರ್‌ಗಳಲ್ಲಿ ಸ್ಟಿಕ್ಕಿನ ಬುಡಕ್ಕೆ ಒಂದು ಸಣ್ಣ ಪಟ್ಟಿಯಿದ್ದು, ಅದರ ಮೇಲೆ ಲೋಹದ ತುಣುಕು ಉಜ್ಜಾಡುತ್ತಿರುತ್ತದೆ. ಪಟ್ಟಿ ಸವೆದರೆ ಸುಳ್ಳು ಹೇಳತೊಡಗುತ್ತದೆ. ಯಂತ್ರದ ಸುಳ್ಳನ್ನು ನಾವು ಹುಡುಗಿಯ ತಲೆಗೆ ಕಟ್ಟಿದ್ದೆವು!

ಮರುದಿನವೇ ಅವಳನ್ನು ಅಂಗಡಿಗೆ ಕರೆದೊಯ್ದೆ. "ಹುಡುಗನ ವಯಸ್ಸೆಷ್ಟು ಮೇಡಂ?" ಎಂದ ಅಂಗಡಿಯವ. ಹುಡುಗಿಗೆ ಎಂದೊಡನೆ ಗುಲಾಬಿ ಬಣ್ಣದ್ದೊಂದು ತಂದಿಟ್ಟ. ನಮಗೆ ಬೇಕಿದ್ದುದು ಬಣ್ಣವಲ್ಲ, ಅಳತೆ. ಕೈ ನೋಡದೆ ಬಳೆ ತೊಡಿಸುವ ಬಳೆಗಾರ ಎಲ್ಲಾದರೂ ಉಂಟೇ?

ದೊಡ್ಡ ಕಂಪನಿಗಳೂ ಈ ತಪ್ಪು ಮಾಡಿ ತಿದ್ದಿಕೊಂಡಿವೆ. 2001ರಲ್ಲಿ ಮೈಕ್ರೋಸಾಫ್ಟ್ ಅಮೆರಿಕದಲ್ಲಿ ಎಕ್ಸ್‌ಬಾಕ್ಸ್ ತಂದಾಗ ಅದರ ಕಂಟ್ರೋಲರ್ ತೀರಾ ದಪ್ಪವಾಗಿತ್ತು. ಜಪಾನಿನವರಿಗೆಂದು ಚಿಕ್ಕದೊಂದನ್ನು ಮಾಡಿದರು. 2002ರಲ್ಲಿ ಅದೇ ಅಮೆರಿಕಕ್ಕೂ ಬಂದು ದಪ್ಪನೆಯದರ ಜಾಗ ಹಿಡಿಯಿತು. 2018ರಲ್ಲಿ ಅದೇ ಕಂಪನಿ, ಕೈ ಸ್ವಾಧೀನವಿಲ್ಲದವರೂ ಆಡಲೆಂದು ಬೇರೆಯೇ ಬಗೆಯದನ್ನು ತಂದಿತು. ಕೈಗೆ ತಕ್ಕ ಸಾಧನವೇ ಹೊರತು ಸಾಧನಕ್ಕೆ ತಕ್ಕ ಕೈಯಲ್ಲ.

ಆದ್ದರಿಂದ ಕೊಳ್ಳುವಾಗ ಆಡುವವರ ಕೈಗೇ ಕೊಟ್ಟು ನೋಡಿ. ಹಿಡಿತ ಬದಲಿಸದೆ ಹೆಬ್ಬೆರಳು ಎರಡೂ ಸ್ಟಿಕ್ಕುಗಳನ್ನು, ತೋರುಬೆರಳು ಹಿಂದಿನ ಗುಂಡಿಗಳನ್ನು ಮುಟ್ಟಬೇಕು. ಮನೆಯ ಯಂತ್ರಕ್ಕೆ ಅದು ಹೊಂದುತ್ತದೆಯೇ ಎಂದು ಕೇಳಿ. ಆಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಸ್ಟಿಕ್ ಇದ್ದರೆ ಒಳಗೆ ಉಜ್ಜುವ ಪಟ್ಟಿಯೇ ಇರುವುದಿಲ್ಲ.

ಆಟದ ಸಾಮಾನಿಗೆ ಇಷ್ಟೆಲ್ಲ ಯಾಕೆ ಎನ್ನುವಿರಾ? ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಕಂಪ್ಯೂಟರಿನ ಮುಂದೆ ಇಬ್ಬರನ್ನು ಕೂರಿಸಿದರೆ ಮೌಸ್ ಹುಡುಗನ ಕೈಗೆ, ಬರೆದುಕೊಳ್ಳುವ ಪುಸ್ತಕ ಹುಡುಗಿಯ ಕೈಗೆ ಹೋಗುವುದನ್ನು ಎಷ್ಟು ಸಲ ಕಂಡಿದ್ದೇನೆ! "ನನಗೆ ಬರಲ್ಲ ಮಿಸ್" ಎಂಬ ಆ ಹಿಂಜರಿಕೆ ಶಾಲೆಯಲ್ಲಿ ಹುಟ್ಟಿದ್ದಲ್ಲ. ಮನೆಯಲ್ಲಿ, ಕೆಟ್ಟ ಕಂಟ್ರೋಲರ್ ಕೊಟ್ಟು ನಾವೇ ಕಲಿಸಿದ್ದು.

ಹೊಸದನ್ನು ಹಿಡಿದು ಆ ಸಂಜೆಯೂ ಅವಳು ಸೋತಳು. ಆದರೆ ಕಾರು ಅವಳು ತಿರುಗಿಸಿದ ಕಡೆಗೇ ತಿರುಗಿತು. ಆ ಸೋಲಾದರೂ ಅವಳ ಸ್ವಂತದ್ದಾಗಿತ್ತು. "ಇನ್ನೊಂದಾಟ ಆಡೋಣ ಬಾ" ಎಂದು ಅಣ್ಣನನ್ನು ಕರೆದವಳೂ ಅವಳೇ.