ನಿಲ್ದಾಣದ ಗೋಡೆಯೂ ಮಾರುಕಟ್ಟೆಯೇ

ವ್ಯಾಪಾರ ನಿಮಿತ್ತ ವಿಮಾನದಲ್ಲಿ ಪ್ರಯಾಣಿಸುವ ಆಳಂದ, ಅಫಜಲಪುರ, ಜೇವರ್ಗಿಗಳ ವರ್ತಕರಿಗೆ ನಿಲ್ದಾಣದಲ್ಲಿ ಒಂದೆರಡು ತಾಸು ಕಾಯುವುದು ಅನಿವಾರ್ಯ. ಆ ಅವಧಿಯಲ್ಲಿ ಸುತ್ತಲಿನ ಕಲಾಕೃತಿಗಳನ್ನು ನೋಡುವುದು ಮನಸ್ಸಿಗೆ ಹಿತ, ವ್ಯವಹಾರಕ್ಕೂ ಪಾಠ.

ಬೆಂಗಳೂರಿನಲ್ಲಿ 2022ರ ನವೆಂಬರ್ 11ರಂದು ಉದ್ಘಾಟನೆಗೊಂಡ ಎರಡನೆಯ ಟರ್ಮಿನಲ್‌ನಲ್ಲಿ ನವರಸಗಳ ಪರಿಕಲ್ಪನೆಯ ಕೃತಿಗಳಿವೆ. ಅಂದೇ ಅನಾವರಣಗೊಂಡ, ಶಿಲ್ಪಿ ರಾಮ್ ಸುತಾರ್ ರೂಪಿಸಿದ 108 ಅಡಿ ಎತ್ತರದ ಕೆಂಪೇಗೌಡರ ಕಂಚಿನ ಪ್ರತಿಮೆ ನಿಲ್ದಾಣದ ಆವರಣದಲ್ಲಿದೆ. ಮುಂಬಯಿಯ ಎರಡನೆಯ ಟರ್ಮಿನಲ್‌ನಲ್ಲಿ 2014ರಲ್ಲಿ ಆರಂಭವಾದ ‘ಜಯ ಹೇ’ ಸಂಗ್ರಹದಲ್ಲಿ ದೇಶದ ನಾನಾ ಭಾಗಗಳ ಕುಶಲಕರ್ಮಿಗಳ ಕೈಕೆಲಸಕ್ಕೂ ಸ್ಥಾನ ದೊರೆತಿದೆ.

ಇದು ಕೇವಲ ಅಲಂಕಾರವಲ್ಲ; ಕಸುಬಿಗೆ ದೊರೆಯುವ ಕೆಲಸ ಮತ್ತು ಪ್ರಚಾರ. ಸತು–ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರಿನ ಬಿದ್ರಿ ಕುಶಲಕರ್ಮಿಯೂ ಸಣ್ಣ ಉತ್ಪಾದಕನೇ.

2019ರ ನವೆಂಬರ್ 22ರಂದು ಉದ್ಘಾಟನೆಗೊಂಡ ಕಲಬುರಗಿ ವಿಮಾನ ನಿಲ್ದಾಣಕ್ಕೂ ಈ ಮಾತು ಅನ್ವಯಿಸುತ್ತದೆ. ಖ್ಯಾತ ಚಿತ್ರಕಾರ ಎಸ್.ಎಂ. ಪಂಡಿತರ ಹುಟ್ಟೂರಿನಲ್ಲಿ ಕಲಾವಿದರಿಗೆ ಬರವಿಲ್ಲ, ವಸ್ತುವಿಗೂ ಬರವಿಲ್ಲ. ಆಳಂದದ ಅಮರ್ಜಾ ನದಿ, ಅದು ಭೀಮೆಯನ್ನು ಕೂಡುವ ಅಫಜಲಪುರ ತಾಲ್ಲೂಕಿನ ಗಾಣಗಾಪುರ, ಜೇವರ್ಗಿಯ ತೊಗರಿ ಹೊಲ, ಇವೆಲ್ಲ ಚಿತ್ರವಾಗಬಲ್ಲವು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಅದನ್ನು ಸಾರಲು ಇದಕ್ಕಿಂತ ಉತ್ತಮ ಸ್ಥಳ ಯಾವುದು?

ಮೂರೂ ತಾಲ್ಲೂಕುಗಳ ವರ್ತಕರು ಒಂದೊಂದು ಕೃತಿಯ ವೆಚ್ಚ ವಹಿಸಿಕೊಳ್ಳಲು ಮುಂದಾಗಿ ನಿಲ್ದಾಣದ ಆಡಳಿತದೊಡನೆ ಮಾತುಕತೆ ನಡೆಸುವುದು ಸೂಕ್ತ. ಪ್ರತಿ ಕೃತಿಯ ಬದಿಯಲ್ಲಿ ತಯಾರಿಸಿದವರ ಹೆಸರು ಮತ್ತು ಊರು ಕನ್ನಡದಲ್ಲಿರಲಿ. ಹೆಸರಿಲ್ಲದ ಸರಕಿಗೆ ಬೆಲೆ ಬಾರದೆಂಬುದನ್ನು ವರ್ತಕರಿಗೆ ಹೇಳಬೇಕಾಗಿಲ್ಲ.