ಹಿತ್ತಿಲ ಮಾತು: ಬೀಜದ ಹುಂಜ

"ಊರಿನ ಕೋಳಿ ಮೊದಲಿನಂತಿಲ್ಲ" ಎಂಬ ಮಾತು ನಮ್ಮ ಸಂಘದ ಮನೆಗಳಲ್ಲಿ ಈಚೆಗೆ ಆಗಾಗ ಕಿವಿಗೆ ಬೀಳುತ್ತಿದೆ. ಹಳೆಮೈಸೂರಿನವರು ಅದನ್ನು ನಾಟಿಕೋಳಿ ಎನ್ನುತ್ತಾರೆ, ಬಡಗಣ ಸೀಮೆಯವರು ಜವಾರಿ ಕೋಳಿ ಎನ್ನುತ್ತಾರೆ, ಕರಾವಳಿಯವರಿಗೆ ಅದು ಊರಕೋಳಿ. ಹೆಸರು ಬೇರೆಯಾದರೂ ದೂರು ಮಾತ್ರ ಒಂದೇ. ಹುಂಜ ಗಾತ್ರದಲ್ಲಿ ಕಿರಿದಾಯಿತು, ಹೇಂಟೆ ಇಡುವ ಮೊಟ್ಟೆ ಕಡಿಮೆಯಾಯಿತು, ಕಾವಿಗಿಟ್ಟ ಡಜನು ಮೊಟ್ಟೆಯಲ್ಲಿ ಆರೇಳು ಮರಿಯಾದರೆ ಅದೇ ಹೆಚ್ಚು. ಇದನ್ನು ಕೆಲವರು ಕಾಲದೋಷವೆನ್ನುತ್ತಾರೆ, ಕೆಲವರು ಕಾಳಿನ ದೋಷವೆನ್ನುತ್ತಾರೆ. ಕಾಲವನ್ನೂ ಕಾಳನ್ನೂ ದೂರುವ ಮೊದಲು ಇನ್ನೊಂದನ್ನು ವಿಚಾರಿಸುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಆ ಹಿತ್ತಿಲಿನಲ್ಲಿ ಮರಿಗಳ ತಂದೆತಾಯಿಯಾಗಿ ಉಳಿದ ಕೋಳಿಗಳು ಯಾವುವು? ಅವನ್ನು ಆರಿಸಿದವರು ಯಾರು?

ಶಾಕಾಹಾರಿ ಮನೆಗಳ ವಾಚಕರು ಪುಟ ಮಗುಚುವ ಮುನ್ನ ಒಂದು ವಿಜ್ಞಾಪನೆ. ಇದು ಅಡುಗೆಯ ಲೇಖನವಲ್ಲ, ಬೀಜವನ್ನು ಕಾಯುವ ವಿಚಾರ. ದಿವಾದ ಚಾಳುಗಳಲ್ಲಿ, ಫ್ಲಾಟುಗಳಲ್ಲಿ ಇರುವ ನಮಗೆ ಕೋಳಿ ಸಾಕುವ ಜಾಗವೆಲ್ಲಿ ಎಂದು ಕೇಳುವವರೂ ಇದ್ದಾರೆ. ನಿಜ. ಆದರೆ ನಮ್ಮಲ್ಲಿ ಎಷ್ಟೋ ಮನೆಗಳ ಒಂದು ಕಾಲು ಇನ್ನೂ ಊರಿನಲ್ಲಿಯೇ ಇದೆ. ಅಲ್ಲಿ ತಾಯಿಯೋ, ಅತ್ತಿಗೆಯೋ, ತಮ್ಮನ ಹೆಂಡತಿಯೋ ಹತ್ತು ಕೋಳಿ ಸಾಕಿರುತ್ತಾರೆ. ಹೊಲದ ದುಡ್ಡು ಗಂಡಸರ ಕೈಗೆ ಹೋದರೂ ಕೋಳಿಯ ದುಡ್ಡು ಸಾಮಾನ್ಯವಾಗಿ ಹೆಣ್ಣುಮಕ್ಕಳ ಸೆರಗಿನ ಗಂಟಿನಲ್ಲಿಯೇ ಉಳಿಯುತ್ತದೆ. ಮಕ್ಕಳ ನೋಟುಪುಸ್ತಕ, ಹೆರಿಗೆಯಾದ ಮಗಳ ಬಾಣಂತನ, ಯಾರನ್ನೂ ಕೇಳದೆ ಕೊಳ್ಳುವ ಒಂದು ಔಷಧಿ, ಇವೆಲ್ಲ ಆ ಗಂಟಿನಿಂದಲೇ ನಡೆಯುವಂಥವು. ಕೋಳಿ ಬಡವಾದರೆ ಗಂಟೂ ಬಡವಾಗುತ್ತದೆ. ಆದುದರಿಂದ ಇದು ಸಣ್ಣ ಮಾತಲ್ಲ.

ನಮ್ಮ ಹಿರಿಯರು ಜೋಳವಾಗಲಿ ರಾಗಿಯಾಗಲಿ ಕೊಯ್ಲಿಗೆ ಮುಂಚೆಯೇ ಹೊಲದಲ್ಲಿ ಅಡ್ಡಾಡಿ, ತುಂಬಿದ ತೆನೆಗಳನ್ನು ಆರಿಸಿ, ಬಿತ್ತನೆಗೆಂದು ಬೇರೆ ಕಟ್ಟಿಡುತ್ತಿದ್ದರು. ಮನೆಯಲ್ಲಿ ಹಿಟ್ಟಿಗೆ ತತ್ವಾರವಾದರೂ ಬೀಜದ ಕಾಳಿಗೆ ಕೈಹಾಕುತ್ತಿರಲಿಲ್ಲ. ಕೋಳಿಯ ಮಟ್ಟಿಗೆ ಮಾತ್ರ ಈ ವಿವೇಕ ತಲೆಕೆಳಗಾಗುತ್ತದೆ. ಜಾತ್ರೆ ಬಂದಿತು, ಎಲ್ಲಕ್ಕಿಂತ ದೊಡ್ಡ ಹುಂಜ ಹೋಯಿತು. ಮುಂಬಯಿಯಿಂದ ಮಗ-ಸೊಸೆ ಬಂದರು, ಮಿಕ್ಕವುಗಳಲ್ಲಿ ದೊಡ್ಡದು ಹೋಯಿತು. ಸಂತೆಯ ವ್ಯಾಪಾರಿ ಬಂದ, ತೂಕದ್ದನ್ನೇ ನೋಡಿ ಒಯ್ದ. ಕೊನೆಗೆ ಹಿತ್ತಿಲಿನಲ್ಲಿ ಉಳಿಯುವುದು ಯಾರಿಗೂ ಬೇಡವಾದ ಒಂದು ಸಣಕಲು ಹುಂಜ. ಮುಂದಿನ ವರ್ಷದ ಮರಿಗಳಿಗೆಲ್ಲ ಅದೇ ತಂದೆ! ಬಿತ್ತಿದಂತೆ ಬೆಳೆ ಎಂದ ಮೇಲೆ ಕಾಲವನ್ನು ದೂರಿ ಪ್ರಯೋಜನವೇನು? ಅತಿಥಿಸತ್ಕಾರ ನಮ್ಮ ನಾಡಿನ ದೊಡ್ಡ ಗುಣ. ಆದರೆ ಬಿತ್ತನೆಯ ಜೋಳವನ್ನು ರೊಟ್ಟಿ ತಟ್ಟಿ ಬಡಿಸು ಎಂದು ಯಾವ ಅತಿಥಿಯೂ ಕೇಳಿದ್ದಿಲ್ಲ.

ಇಲ್ಲಿ ಬಲ್ಲವರು ಒಂದು ಪ್ರಶ್ನೆ ಹಾಕುತ್ತಾರೆ. "ಗಿರಿರಾಜ ಮರಿ ಸಿಗುತ್ತದಲ್ಲ, ಅದನ್ನು ತಂದು ಬಿಟ್ಟರೆ ತಳಿ ಸುಧಾರಿಸದೆ?" ಗಿರಿರಾಜ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಹುಟ್ಟಿದ ಕೋಳಿ. ಅಲ್ಲಿಯೇ ಬಳಿಕ ಸ್ವರ್ಣಧಾರವನ್ನೂ ರೂಪಿಸಿದರು. ಹಿತ್ತಿಲಿನಲ್ಲಿ ಸಾಕಲು ಇವು ಒಳ್ಳೆಯ ಕೋಳಿಗಳು. ಊರಕೋಳಿ ವರ್ಷಕ್ಕೆ ಸುಮಾರು 60ರಿಂದ 80 ಮೊಟ್ಟೆ ಇಟ್ಟರೆ ಗಿರಿರಾಜ 130ರಿಂದ 150ರವರೆಗೆ ಇಡುತ್ತದೆ. ಆದರೆ ಇದು ಬೇರೆ ಬೇರೆ ತಳಿಗಳನ್ನು ಕೂಡಿಸಿ ಪಡೆದ ಮಿಶ್ರತಳಿ. ಆ ಕೂಟದ ಫಲ ಮೊದಲ ತಲೆಮಾರಿನಲ್ಲಿ ಚೆನ್ನಾಗಿ ಕಾಣುತ್ತದೆ. ಅದೇ ಕೋಳಿಗಳ ಮೊಟ್ಟೆಯನ್ನು ಕಾವಿಗಿಟ್ಟು ಮರಿ ಮಾಡಿದರೆ ಒಂದು ಮರಿ ಹೀಗೆ, ಇನ್ನೊಂದು ಹಾಗೆ. ಮೊದಲಿನ ಕಸುವು ಉಳಿಯುವುದಿಲ್ಲ. ಆದ್ದರಿಂದ ಗಿರಿರಾಜ ಸಾಕುವವರು ಪ್ರತಿ ಸಲವೂ ಹೊಸ ಮರಿಗಳನ್ನು ಕೊಂಡು ತರಬೇಕು. ಇನ್ನೊಂದು ಸಂಗತಿ: ಇಂಥ ಹುಂಜವನ್ನು ಊರಕೋಳಿಯ ಹಿಂಡಿನಲ್ಲಿ ಬಿಟ್ಟರೆ, ತಾನೇ ಕಾವು ಕೂತು ಮರಿಮಾಡುವ, ಗಿಡುಗನ ನೆರಳು ಕಂಡರೆ ಪೊದೆಗೆ ಓಡುವ ಹಳೆಯ ಗುಣಗಳೂ ನಾಲ್ಕಾರು ವರ್ಷದಲ್ಲಿ ಕರಗಿಹೋಗಬಹುದು.

ಶುದ್ಧ ತಳಿಯ ಬೆಲೆ ಇರುವುದು ಇಲ್ಲಿಯೇ. ಶುದ್ಧವೆಂದರೆ ಉಚ್ಚಕುಲವೆಂದು ಯಾರೂ ತಿಳಿಯಬೇಕಾಗಿಲ್ಲ. ನೂಲಿನಂತೆ ಸೀರೆ ಎಂಬಂತೆ ಮರಿಗಳು ತಂದೆತಾಯಿಯ ಹಾಗೆಯೇ ಆಗುತ್ತವೆ ಎಂಬ ಭರವಸೆ, ಅಷ್ಟೆ. ಹರಿಯಾಣದ ಕರ್ನಾಲದಲ್ಲಿ ದೇಶದ ಪಶುಪಕ್ಷಿ ತಳಿಗಳನ್ನು ದಾಖಲಿಸುವ ರಾಷ್ಟ್ರೀಯ ಸಂಸ್ಥೆಯೊಂದಿದೆ. ಅದರ ಪಟ್ಟಿಯಲ್ಲಿ ಕಾಳಗಕ್ಕೆ ಹೆಸರಾದ ಅಸೀಲ್ ಇದೆ, ಮಧ್ಯಪ್ರದೇಶದ ಕಪ್ಪು ಮಾಂಸದ ಕಡಕ್‌ನಾಥ್ ಇದೆ, ಗುಜರಾತಿನ ಅಂಕಲೇಶ್ವರ ಇದೆ. ಆಂಧ್ರಪ್ರದೇಶ ಮತ್ತು ಕರ್ನಾಟಕಗಳ ಹೆಸರಿನಲ್ಲಿ ಘಾಗಸ್ ಎಂಬ ತಳಿಯೂ ಇದೆ. ನಮ್ಮ ನಾಡಿಗೂ ಪಟ್ಟಿಯಲ್ಲಿ ಸ್ಥಾನವಿದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಕಡಕ್‌ನಾಥಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಹೊರಗಿನಿಂದ ತಂದ ಯಾವುದೋ ಬೆರಕೆಯಿಂದ ಬಂದ ಮನ್ನಣೆಯಲ್ಲ ಅದು. ಆ ಸೀಮೆಯ ಜನ ತಲೆಮಾರುಗಳಿಂದ ಉಳಿಸಿಕೊಂಡ ಕೋಳಿಗೆ ಸಂದದ್ದು.

ಇನ್ನು ಆರಿಸುವ ಬಗೆ. ಇದು ಒಂದು ದಿನದ ಕೆಲಸವಲ್ಲ, ಮೂರು ಜರಡಿಗಳಲ್ಲಿ ಸೋಸಬೇಕು. ಮೊದಲನೆಯದು ಮರಿಗೆ ಎರಡು ತಿಂಗಳಾದಾಗ. ಬೆಳವಣಿಗೆ ಕುಂಠಿತವಾದವು, ಕೊಕ್ಕು ಸೊಟ್ಟಗಾದವು, ಕಾಲು ಬೆರಳು ಡೊಂಕಾದವು ಬೀಜಕ್ಕೆ ಬೇಡ. ಎರಡನೆಯದು ಐದಾರು ತಿಂಗಳಿಗೆ. ಆಗ ಕೋಳಿಯನ್ನು ಕೈಯಲ್ಲಿ ಹಿಡಿದೇ ನೋಡಬೇಕು, ದೂರದಿಂದ ಗರಿಯ ಬಣ್ಣ ನೋಡಿ ಮರುಳಾಗಬಾರದು. ಎದೆಯ ಮೂಳೆ ನೇರವಾಗಿರಬೇಕು, ಬೆನ್ನು ಅಗಲವಾಗಿರಬೇಕು, ಕಣ್ಣು ಹೊಳೆಯುತ್ತಿರಬೇಕು, ನಿಂತಾಗ ಎರಡು ಕಾಲುಗಳ ನಡುವೆ ಅಂತರವಿರಬೇಕು. ಮೂರನೆಯ ಜರಡಿ ಹೇಂಟೆ ಒಂದು ವರ್ಷ ಮೊಟ್ಟೆಯಿಟ್ಟ ಮೇಲೆ. ಮೊಟ್ಟೆಯಿಡುವ ಹೇಂಟೆಯ ಜುಟ್ಟು ಕೆಂಪಗೆ ತುಂಬಿರುತ್ತದೆ. ಹಿಂಭಾಗದಲ್ಲಿ ಕೈಗೆ ಸಿಗುವ ಎರಡು ಚೂಪು ಮೂಳೆಗಳ ನಡುವೆ ಎರಡು ಮೂರು ಬೆರಳು ಹಿಡಿಯುತ್ತದೆ. ಒಂದೇ ಬೆರಳು ಹಿಡಿಯುವಂತಿದ್ದರೆ ಅದು ಆಗ ಮೊಟ್ಟೆಯಿಡುತ್ತಿಲ್ಲವೆಂದು ತಿಳಿಯಬೇಕು. ಎರಡನೆಯ ವರ್ಷಕ್ಕೆ ಕಾಲಿಟ್ಟು, ರೋಗವನ್ನು ತಡೆದುಕೊಂಡು, ಚೆನ್ನಾಗಿ ಮೊಟ್ಟೆಯಿಟ್ಟ ಹೇಂಟೆಯೇ ನಿಜವಾದ ಬೀಜದ ಹೇಂಟೆ.

ಹುಂಜದ ಪರೀಕ್ಷೆ ಇನ್ನೂ ಸೂಕ್ಷ್ಮ. ಅದು ಮೊಟ್ಟೆಯಿಡುವುದಿಲ್ಲ, ಆದರೂ ತನ್ನ ಹೆಣ್ಣುಮಕ್ಕಳಿಗೆ ಮೊಟ್ಟೆಯಿಡುವ ಗುಣವನ್ನು ಕೊಡುವುದರಲ್ಲಿ ಅದಕ್ಕೆ ಅರ್ಧ ಪಾಲಿದೆ. ಆ ಗುಣವನ್ನು ಅದರ ಮೈಯಲ್ಲಿ ಹುಡುಕಿದರೆ ಸಿಕ್ಕೀತೆ? ಅದರ ತಾಯಿಯನ್ನು ನೋಡಬೇಕು, ಅಕ್ಕತಂಗಿಯರನ್ನು ನೋಡಬೇಕು. ಮದುವೆಗೆ ಮುಂಚೆ ನಮ್ಮ ಹಿರಿಯರು ವರನ ಮನೆತನ ವಿಚಾರಿಸುತ್ತಿದ್ದುದು ನಗೆಗೆ ಆಸ್ಪದವಾಗಿರಬಹುದು, ಹುಂಜದ ಮಟ್ಟಿಗಂತೂ ಅದೇ ಸರಿ. ಹತ್ತು ಹೇಂಟೆಗಳಲ್ಲಿ ಹೆಚ್ಚು ಮೊಟ್ಟೆಯಿಟ್ಟದ್ದು ಯಾವುದೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆದಿಟ್ಟರೆ ಸಾಕು, ಯಾವುದರ ಮಗನನ್ನು ಉಳಿಸಬೇಕೆಂಬುದು ತಾನಾಗಿ ತಿಳಿಯುತ್ತದೆ. ಈ ಲೆಕ್ಕಕ್ಕೆ ಶಾಲೆಗೆ ಹೋಗುವ ಮಕ್ಕಳನ್ನು ಹಚ್ಚಿದರೆ ಅವರಿಗೂ ಒಂದು ಪಾಠ.

ಒಂದು ಹುಂಜಕ್ಕೆ ಎಂಟರಿಂದ ಹತ್ತು ಹೇಂಟೆ ಸರಿಯಾದ ಪ್ರಮಾಣ. ಆದರೆ ಒಂದೇ ಹುಂಜವನ್ನು, ಬಳಿಕ ಅದರ ಮಗನನ್ನು, ಬಳಿಕ ಮೊಮ್ಮಗನನ್ನು ಅದೇ ಹಿಂಡಿನಲ್ಲಿ ಇಡುತ್ತ ಹೋದರೆ ರಕ್ತಸಂಬಂಧ ಗಂಟುಕಟ್ಟುತ್ತದೆ. ಇದಕ್ಕೆ ತಳಿಶಾಸ್ತ್ರಜ್ಞರ ಲೆಕ್ಕವೊಂದಿದೆ. ಒಂದು ಹುಂಜ, ಹತ್ತು ಹೇಂಟೆ ಇರುವ ಹಿಂಡಿನಲ್ಲಿ ಈ ಗಂಟು ತಲೆಮಾರಿಗೆ ಶೇಕಡಾ 14ರಷ್ಟು ಬಿಗಿಯುತ್ತದೆ. ಐದು ಹುಂಜ, ಐವತ್ತು ಹೇಂಟೆ ಇದ್ದರೆ ಶೇಕಡಾ 3ಕ್ಕಿಂತಲೂ ಕಡಿಮೆ. ಗಂಟು ಬಿಗಿದಂತೆಲ್ಲ ಮೊಟ್ಟೆ ಗೊಡ್ಡಾಗುತ್ತದೆ, ಮರಿ ಚಿಪ್ಪಿನಲ್ಲಿಯೇ ಸಾಯುತ್ತದೆ, ಹುಟ್ಟಿದ್ದು ಏಳಿಗೆಯಾಗುವುದಿಲ್ಲ. ಊರಿನಿಂದ ಬರುವ ದೂರಿನಲ್ಲಿ ಇದರ ಪಾಲೂ ಇರಬಹುದಲ್ಲವೆ?

ಒಂದೇ ಮನೆಯಲ್ಲಿ ಐವತ್ತು ಹೇಂಟೆ ಸಾಕುವುದು ಎಲ್ಲರಿಗೂ ಆಗುವ ಮಾತಲ್ಲ. ಅದಕ್ಕೆ ಸುಲಭವಾದ ಉಪಾಯವಿದೆ. ಒಂದೇ ಬಗೆಯ ಕೋಳಿ ಸಾಕುವ ಮೂರು ಮನೆಯವರು ಸೇರಬೇಕು. ಮೊದಲ ಮನೆಯಲ್ಲಿ ಹುಟ್ಟಿದ ಒಳ್ಳೆಯ ಹುಂಜ ಎರಡನೆಯ ಮನೆಗೆ, ಎರಡನೆಯ ಮನೆಯದು ಮೂರನೆಯ ಮನೆಗೆ, ಮೂರನೆಯ ಮನೆಯದು ಮೊದಲನೆಯದಕ್ಕೆ ಪ್ರತಿವರ್ಷ ಹೋಗಬೇಕು. ಹೆಣ್ಣುಮರಿಗಳು ಹುಟ್ಟಿದ ಮನೆಯಲ್ಲಿಯೇ ಉಳಿಯಬೇಕು. ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಮಗಳು ಗಂಡನ ಮನೆಗೆ ಹೋಗುತ್ತಾಳೆ. ಕೋಳಿಯಲ್ಲಿ ಮಗ ಹೋಗಬೇಕು. ದಕ್ಷಿಣ ಕನ್ನಡದ ವಾಚಕರಿಗೆ ಅಳಿಯಸಂತಾನದ ಮನೆಗಳನ್ನು ನೆನಪಿಸಿದರೆ ಬೇರೆ ವಿವರಣೆ ಬೇಡ. ಹೀಗೆ ಸುತ್ತು ಹಾಕಿದರೆ ಅಣ್ಣತಂಗಿಯರ ಕೂಟ ತಪ್ಪುತ್ತದೆ, ಹೊರಗಿನ ಬೆರಕೆಯೂ ಬರುವುದಿಲ್ಲ. ಹುಂಜ ಬದಲಾಯಿಸಿದಾಗ ಒಂದು ಎಚ್ಚರ ಬೇಕು. ಹಳೆಯ ಹುಂಜದ ಬೀಜ ಹೇಂಟೆಯ ಒಡಲಲ್ಲಿ ಎರಡು ಮೂರು ವಾರ ಜೀವಂತವಾಗಿರುತ್ತದೆ. ಆದುದರಿಂದ ಮೂರು ವಾರದ ಮೊಟ್ಟೆಗಳನ್ನು ಅಡುಗೆಗೆ ಬಳಸಿ, ಅನಂತರದವನ್ನೇ ಕಾವಿಗೆ ಇಡಬೇಕು.

ಕಾವಿಗೆ ಇಡುವ ಮೊಟ್ಟೆಯನ್ನೂ ಆರಿಸಬೇಕು. ತೀರ ಸಣ್ಣದು, ತೀರ ದೊಡ್ಡದು, ಉರುಟಾದದ್ದು, ಚಿಪ್ಪು ತೆಳುವಾದದ್ದು ಬೇಡ. ಮೊಟ್ಟೆಯನ್ನು ತೊಳೆಯಬಾರದು, ಮೇಲಿನ ಸಹಜವಾದ ಪೊರೆ ತೊಳೆದರೆ ಹೋಗುತ್ತದೆ. ಚೂಪು ತುದಿ ಕೆಳಗೆ ಬರುವಂತೆ ಇಟ್ಟು, ಏಳು ದಿನದೊಳಗೆ ಹೇಂಟೆಯ ಅಡಿಗೆ ಸೇರಿಸಬೇಕು. ಬೇಸಿಗೆಯಲ್ಲಿ ಇನ್ನೂ ಬೇಗ, ಏಕೆಂದರೆ ಸೆಕೆಗೆ ಮೊಟ್ಟೆಯೊಳಗಿನ ಜೀವ ಅರೆಬರೆ ಎಚ್ಚೆತ್ತು ಅಲ್ಲಿಯೇ ಮುದುಡಿಹೋಗುತ್ತದೆ. ಒದ್ದೆ ಮರಳಿನ ಮೇಲೆ ಇಟ್ಟ ಮಡಕೆ ಇದಕ್ಕೆ ತಕ್ಕ ತಣ್ಣನೆಯ ಜಾಗ. ಏಳನೆಯ ದಿನ ರಾತ್ರಿ ಮೊಟ್ಟೆಯನ್ನು ಬ್ಯಾಟರಿಯ ಬೆಳಕಿಗೆ ಹಿಡಿದರೆ, ಜೀವವಿದ್ದದ್ದರಲ್ಲಿ ಜೇಡರಬಲೆಯಂಥ ಕೆಂಪು ನರಗಳು ಕಾಣುತ್ತವೆ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಗೊಡ್ಡು. ಗೊಡ್ಡು ಎಷ್ಟೆಂದು ಬರೆದಿಡಬೇಕು. ಹುಂಜದ ಯೋಗ್ಯತೆಗೆ ಅದೇ ಪ್ರಮಾಣಪತ್ರ. 21ನೆಯ ದಿನ ಮರಿ ಹೊರಬರುತ್ತದೆ.

ಎಷ್ಟು ಚೆನ್ನಾಗಿ ಆರಿಸಿದರೂ ಒಂದು ರೋಗ ಬಂದು ಹಿಂಡನ್ನೇ ಗುಡಿಸಿಹಾಕಬಹುದು. ಕೊಕ್ಕರೆ ರೋಗವೆಂದು ಹಳ್ಳಿಯವರು ಹೆದರುವ ರಾಣಿಖೇತ್ ರೋಗಕ್ಕೆ ಲಸಿಕೆಯುಂಟು. ಮರಿಯ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ, ಎರಡು ತಿಂಗಳ ಸುಮಾರಿಗೆ ಸೂಜಿ. ಉಳಿದುದನ್ನು ಪಶುವೈದ್ಯರು ಹೇಳಿದಂತೆ ನಡೆಸಬೇಕು. ಹಕ್ಕಿಜ್ವರ ಇನ್ನೂ ಕ್ರೂರ. ಭಾರತದಲ್ಲಿ ಅದು ಮೊದಲು ಕಾಣಿಸಿದ್ದು 2006ರಲ್ಲಿ, ನಮ್ಮ ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ. 2022ರಲ್ಲಿ ನಮ್ಮ ಠಾಣೆ ಜಿಲ್ಲೆಯ ಶಹಾಪುರ ತಾಲ್ಲೂಕಿಗೇ ಬಂದಿತ್ತು. ಅದು ಬಂದ ಕಡೆ ಸುತ್ತಲಿನ ಆರೋಗ್ಯವಂತ ಕೋಳಿಗಳನ್ನೂ ಸರಕಾರದವರು ಕೊಲ್ಲಿಸಬೇಕಾಗುತ್ತದೆ. ಒಂದೇ ಹಿತ್ತಿಲಿನಲ್ಲಿ ಇಟ್ಟ ತಳಿ ಒಂದೇ ದಿನದಲ್ಲಿ ಇಲ್ಲವಾಗಬಹುದೆಂದಾಯಿತು. ಆದುದರಿಂದ ಒಂದು ಹುಂಜ, ಎರಡು ಹೇಂಟೆಯನ್ನು ದೂರದ ಊರಿನ ಬಂಧುಗಳ ಮನೆಯಲ್ಲಿ ಇಟ್ಟಿರುವುದು ಬ್ಯಾಂಕಿನ ಠೇವಣಿಗಿಂತ ಕಡಿಮೆಯದಲ್ಲ. ಮದುವೆಯಾದ ಮಗಳಿಗೆ ತವರಿನಿಂದ ಕೊಡುವ ಉಡುಗೊರೆಗಳಲ್ಲಿ ಇದೂ ಒಂದಾದರೆ ತಪ್ಪೇನು?

ಹೆಚ್ಚು ತಿಳಿಯಬೇಕೆನ್ನುವವರು ದೂರ ಹೋಗಬೇಕಾಗಿಲ್ಲ. ಗೋರೆಗಾಂವಿನ ಆರೆ ಹಾಲು ಕಾಲನಿಯಲ್ಲಿ ಕೇಂದ್ರ ಸರಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಿದೆ. ಊರಿನ ಕಡೆಯವರಿಗೆ ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ ಅದೇ ಸಂಸ್ಥೆಯ ದಕ್ಷಿಣದ ಕೇಂದ್ರವಿದೆ. 2004ರಲ್ಲಿ ಸ್ಥಾಪನೆಯಾದ ಬೀದರಿನ ಪಶುವೈದ್ಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳೂ ಇವೆ.

ಇಲ್ಲಿ ಕುಳಿತ ನಾವು ಮಾಡಬಹುದಾದುದು ಒಂದೇ, ಅದೂ ಖರ್ಚಿಲ್ಲದ್ದು. ಮುಂದಿನ ಸಲ ಊರಿಗೆ ಫೋನು ಮಾಡಿದಾಗ ತಾಯಿಗೋ ಅತ್ತಿಗೆಗೋ ಹೀಗೆ ಹೇಳಬೇಕು: "ಹಿಂಡಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಹುಂಜದ ಕಾಲಿಗೆ ಒಂದು ಸಡಿಲವಾದ ಬಣ್ಣದ ಬಳೆ ಹಾಕಿಬಿಡಿ. ಅದು ಬೀಜದ್ದು. ಜಾತ್ರೆಗೂ ಬೇಡ, ಸಂತೆಗೂ ಬೇಡ, ನಾವು ಬಂದಾಗಲೂ ಬೇಡ." ಎರಡನೆಯ ದರ್ಜೆಯ ಹುಂಜದ ಸಾರೂ ರುಚಿಯಾಗಿಯೇ ಇರುತ್ತದೆ, ಅದರಿಂದ ಯಾರ ಮರ್ಯಾದೆಗೂ ಕುಂದಿಲ್ಲ. ಮಕ್ಕಳು ಬಂದರೆಂದು ಮನೆಯಲ್ಲಿದ್ದ ಅತ್ಯುತ್ತಮವಾದುದನ್ನು ಕೊಡಬೇಕೆನ್ನುವ ತಾಯಿಯ ಮನಸ್ಸು ದೊಡ್ಡದು. ಆ ಅತ್ಯುತ್ತಮವಾದುದು ಅವಳ ಹಿತ್ತಿಲಿನಲ್ಲಿಯೇ ಉಳಿದು ಬೆಳೆಯಲಿ ಎನ್ನುವುದು ಮಕ್ಕಳಿಗೆ ಒಪ್ಪುವ ಮಾತು.